ತಲೆ ಕೆರೆತ, ತೊಡೆಸಂದಿಯ ಉಂಗುರ: ಎರಡಕ್ಕೂ ಒಂದೇ ಟ್ಯೂಬ್ ಹಚ್ಚಬಹುದೇ?

ಪುತ್ತೂರು_ತೋಟ (ಪ್ರಶ್ನೆ)

ನಮಸ್ಕಾರ. ತಮ್ಮನಿಗೆ 29 ವರ್ಷ, ಎರಡು ತೊಂದರೆ ಒಟ್ಟಿಗೇ ಇದೆ.

ಒಂದು, ತಲೆ ತುರಿಕೆ. ನೆತ್ತಿಯಲ್ಲಿ ಹಳದಿ ಮಿಶ್ರಿತ ಜಿಡ್ಡು ಹೊಟ್ಟು. ಹುಬ್ಬು, ಮೂಗಿನ ಎರಡೂ ಪಕ್ಕ, ಕಿವಿಯ ಹಿಂದೆ ಕೆಂಪಾಗಿ ಪೊರೆ ಏಳುತ್ತದೆ. ವಾರಕ್ಕೆ ಮೂರು ರಾತ್ರಿ ತೆಂಗಿನೆಣ್ಣೆ ಹಚ್ಚಿ ಮಲಗುವ ಅಭ್ಯಾಸ.

ಇನ್ನೊಂದು, ತೊಡೆಸಂದಿಯ ಎರಡೂ ಕಡೆ ಅಂಗೈ ಅಗಲದ ಉಂಗುರದಂಥ ದದ್ದು. ಅಂಚು ಉಬ್ಬಿದೆ, ನಡುವೆ ಕಪ್ಪಗಾಗಿದೆ. ಬೆವರಿದರೆ ತಡೆಯಲಾರದ ಕೆರೆತ. ಮೆಡಿಕಲ್‌ನಲ್ಲಿ ಕೊಟ್ಟ ಟ್ಯೂಬ್ ಮೇಲೆ ಕ್ಲೊಬೆಟಸಾಲ್ 0.05%, ಆಫ್ಲೊಕ್ಸಸಿನ್, ಆರ್ನಿಡಜೋಲ್, ಟರ್ಬಿನಫಿನ್ 1% ಎಂದಿದೆ. ಹಚ್ಚಿದ ಮೂರನೇ ದಿನಕ್ಕೆ ಆರಾಮ, ಬಿಟ್ಟ ವಾರಕ್ಕೆ ಮೊದಲಿಗಿಂತ ಅಗಲ. ಮೂರು ತಿಂಗಳಿಂದ ಇದೇ ಕಥೆ. ಈಗ ಅದನ್ನೇ ಹುಬ್ಬಿಗೂ ಹಚ್ಚಲು ಶುರು ಮಾಡಿದ್ದಾನೆ. ಅಮ್ಮನಿಗೂ ಸೊಂಟದಲ್ಲಿ ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಅಂಥದ್ದೇ ಉಂಗುರ ಎದ್ದಿದೆ.

ಎರಡೂ ಒಂದೇ ಕಾಯಿಲೆಯೇ? ಈ ಟ್ಯೂಬ್ ಮುಂದುವರಿಸಬಹುದೇ? ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ, ಅದಕ್ಕೇನು ಮಾಡುವುದು?

ಚರ್ಮ_ಓಪಿಡಿ

ಎರಡರ ಹಿಂದೆಯೂ ಶಿಲೀಂಧ್ರವೇ ಇದೆ. ಆದರೆ ಶಿಲೀಂಧ್ರ ಬೇರೆ, ರೋಗ ಬೇರೆ, ಮದ್ದು ಬಳಸುವ ಕ್ರಮವೂ ಬೇರೆ. ಆ ಟ್ಯೂಬ್ ಎರಡಕ್ಕೂ ಬೇಡ. ಮುಖಕ್ಕಂತೂ ಇವತ್ತಿನಿಂದಲೇ ನಿಲ್ಲಿಸಿ.

ಮೊದಲು ತಲೆ. ನೆತ್ತಿ, ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆ: ಇವೆಲ್ಲ ಎಣ್ಣೆಗ್ರಂಥಿ ಹೆಚ್ಚಿರುವ ಜಾಗಗಳು. ಅಲ್ಲಿ ಜಿಡ್ಡು ಹೊಟ್ಟು, ಕೆಂಪು, ತುರಿಕೆ ಇದ್ದರೆ ಬಹುಪಾಲು ಅದು ಸೆಬೊರಿಕ್ ಡರ್ಮಟೈಟಿಸ್. ಇದರ ಹಿಂದಿರುವ ಶಿಲೀಂಧ್ರ ಮಲಸೇಜಿಯಾ ಎಂಬ ಯೀಸ್ಟ್. ಅದು ಎಲ್ಲರ ನೆತ್ತಿಯಲ್ಲೂ ಇರುತ್ತದೆ, ಹಾಗಾಗಿ ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಈ ಯೀಸ್ಟಿಗೆ ತನಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ. ನಮ್ಮ ಚರ್ಮದ ಜಿಡ್ಡನ್ನು ಒಡೆದು ತಿನ್ನುತ್ತದೆ, ಉಳಿದ ಓಲಿಯಿಕ್ ಆಮ್ಲ ಚರ್ಮವನ್ನು ಕೆರಳಿಸುತ್ತದೆ. ಕೆಲವರ ಚರ್ಮ ಅದಕ್ಕೆ ಜಾಸ್ತಿ ಸ್ಪಂದಿಸುತ್ತದೆ, ಅಂಥವರಿಗೇ ಹೊಟ್ಟು. ಇಡೀ ರಾತ್ರಿ ಎಣ್ಣೆ ಹಚ್ಚಿ ಮಲಗಿದರೆ ಹೊಟ್ಟು ಕಣ್ಣಿಗೆ ಕಾಣದ ಹಾಗೆ ಅಂಟಿಕೊಳ್ಳುತ್ತದೆ ಅಷ್ಟೇ, ಕಾಯಿಲೆ ಕಡಿಮೆಯಾಗುವುದಿಲ್ಲ. ಎಣ್ಣೆ ಬೇಕೇ ಬೇಕು ಎಂದರೆ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಚ್ಚಿ ಪೂರ್ತಿ ತೊಳೆಯಲಿ. ದಪ್ಪ ಹಕ್ಕಳೆ ಸಡಿಲವಾಗಲು ಅಷ್ಟು ಸಾಕು.

ಶಾಂಪೂ: ಕೀಟೊಕೊನಜೋಲ್ (ಶಿಲೀಂಧ್ರದ ಮದ್ದು) 2%. ವಾರಕ್ಕೆ ಎರಡು ಸಲ, ನಾಲ್ಕು ವಾರ. ಇಲ್ಲಿ ಹೆಚ್ಚಿನವರು ತಪ್ಪುವುದು ಸಮಯದಲ್ಲಿ. ಹಚ್ಚಿ ನೊರೆ ಬಂದ ಕೂಡಲೇ ತೊಳೆದರೆ ಮದ್ದು ಚರಂಡಿಗೆ ಹೋಯಿತು ಎಂದೇ ಲೆಕ್ಕ. ಮೊದಲು ಮಾಮೂಲಿ ಶಾಂಪೂವಿನಿಂದ ಜಿಡ್ಡು ತೆಗೆಯಿರಿ. ಆಮೇಲೆ ಈ ಶಾಂಪೂ 5ರಿಂದ 10 ಎಂಎಲ್ ತೆಗೆದುಕೊಂಡು ಕೂದಲಿಗಲ್ಲ, ಕೂದಲು ಸರಿಸಿ ನೆತ್ತಿಯ ಚರ್ಮಕ್ಕೆ ಬೆರಳ ತುದಿಯಿಂದ ಹಚ್ಚಿ. ಉಗುರು ತಾಗಿಸಬೇಡಿ. ಅದೇ ನೊರೆಯನ್ನು ಹುಬ್ಬು, ಮೂಗಿನ ಪಕ್ಕ, ಗಡ್ಡ, ಕಿವಿಯ ಹಿಂದಕ್ಕೂ ಎಳೆಯಿರಿ. ಗಡಿಯಾರ ನೋಡಿ 5 ನಿಮಿಷ ಬಿಟ್ಟು ತೊಳೆಯಿರಿ. ಕಂಡೀಷನರ್ ಹಾಕುವುದಿದ್ದರೆ ಕೂದಲ ತುದಿಗೆ ಮಾತ್ರ. ನಾಲ್ಕು ವಾರದ ನಂತರ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಮುಂದುವರಿಸಬೇಕು. ಇದು ಹತೋಟಿಯಲ್ಲಿಡುವ ಕಾಯಿಲೆ, ಒಂದು ಬಾಟಲಿಯಲ್ಲಿ ಮುಗಿಯುವುದಿಲ್ಲ. ನಿಲ್ಲಿಸಿದ ಮೇಲೆ ಮತ್ತೆ ಬಂದರೆ ಶಾಂಪೂ ಕೆಲಸ ಮಾಡಲಿಲ್ಲ ಎಂದು ಬೇಸರಪಡಬೇಡಿ.

ಕೀಟೊಕೊನಜೋಲ್ ಒಗ್ಗದಿದ್ದರೆ ಜಿಂಕ್ ಪೈರಿಥಿಯೋನ್, ಸೈಕ್ಲೊಪಿರಾಕ್ಸ್ ಅಥವಾ ಸೆಲೆನಿಯಮ್ ಸಲ್ಫೈಡ್ ಶಾಂಪೂ ಇವೆ. ಸೆಲೆನಿಯಮ್ ಸಲ್ಫೈಡ್ ಬಳಸುವಾಗ ಬೆಳ್ಳಿ ಉಂಗುರ, ಸರ ತೆಗೆದಿಡಿ, ಕಪ್ಪಾಗುತ್ತವೆ. ಬಣ್ಣ ಹಚ್ಚಿದ ಕೂದಲಿನ ಬಣ್ಣವೂ ಬದಲಾಗಬಹುದು.

ಹುಬ್ಬು, ಮೂಗಿನ ಪಕ್ಕಕ್ಕೆ ಕೀಟೊಕೊನಜೋಲ್ 2% ಕ್ರೀಮ್ ತೆಳ್ಳಗೆ ದಿನಕ್ಕೆ ಎರಡು ಸಲ, ನಾಲ್ಕು ವಾರ. ಕ್ಲೊಬೆಟಸಾಲ್ ಹಚ್ಚುತ್ತಿದ್ದ ಮುಖಕ್ಕೆ ಅದನ್ನು ನಿಲ್ಲಿಸಿದಾಗ ಕೆಲವು ದಿನ ಉರಿ, ಕೆಂಪು ಜಾಸ್ತಿಯಾಗಬಹುದು. ಆಗ ಹೆದರಿ ಮತ್ತೆ ಅದೇ ಟ್ಯೂಬ್‌ಗೆ ಕೈ ಹಾಕಬಾರದು. ಆ ಚಕ್ರ ಶುರುವಾದರೆ ಬಿಡಿಸುವುದು ತುಂಬ ಕಷ್ಟ.

ನಿಂಬೆರಸ ನೆತ್ತಿಗೆ ಬೇಡ, ಒಡೆದ ಚರ್ಮ ಉರಿಯುತ್ತದೆ. ಬೆಳ್ಳುಳ್ಳಿ ಜಜ್ಜಿ ಹಚ್ಚಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಮೊಸರು ಹಚ್ಚಿ ತೊಳೆದರೆ ಹಾನಿಯಿಲ್ಲ, ಆದರೆ ಯೀಸ್ಟ್ ಅದಕ್ಕೆ ಜಗ್ಗುವುದಿಲ್ಲ. ಬೋರ್‌ವೆಲ್ ನೀರಿನಿಂದಲೇ ಹೊಟ್ಟು ಎನ್ನುವ ಮಾತೂ ಸರಿಯಲ್ಲ. ಗಡಸು ನೀರಿನಲ್ಲಿ ಸಾಬೂನು ಸರಿಯಾಗಿ ಹೋಗದೆ ನೆತ್ತಿ ಅಂಟಂಟಾಗಬಹುದು, ಅಷ್ಟೇ.

ಇನ್ನು ತೊಡೆಸಂದಿ. ಉಬ್ಬಿದ ಅಂಚು, ಹರಡುತ್ತಾ ಹೋಗುವ ಉಂಗುರ, ಮನೆಯಲ್ಲಿ ಇನ್ನೊಬ್ಬರಿಗೂ ಬಂದಿರುವುದು: ಇದು ಹುಳುಕಡ್ಡಿ, ಗಜಕರ್ಣ ಎಂದೂ ಕರೆಯುತ್ತಾರೆ. ಹೆಸರಲ್ಲಿ ಹುಳು ಇದ್ದರೂ ಹುಳು ಯಾವುದೂ ಇಲ್ಲ. ಚರ್ಮದ ಮೇಲ್ಪದರದ ಕೆರಾಟಿನ್ ತಿಂದು ಬದುಕುವ ಶಿಲೀಂಧ್ರ ಇದು, ಚೆನ್ನಾಗಿಯೇ ಅಂಟುತ್ತದೆ.

ಟ್ಯೂಬ್ ಹಚ್ಚಿದಾಗ ಆರಾಮ, ಬಿಟ್ಟಾಗ ಜಾಸ್ತಿ ಏಕೆಂದರೆ, ಕ್ಲೊಬೆಟಸಾಲ್ ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್‌ಗಳಲ್ಲೇ ಅತ್ಯಂತ ಪ್ರಬಲ ವರ್ಗಕ್ಕೆ ಸೇರಿದ್ದು. ತುರಿಕೆ, ಕೆಂಪು ಎರಡೂ ದೇಹ ಶಿಲೀಂಧ್ರದ ಜೊತೆ ಹೋರಾಡುವ ಲಕ್ಷಣ. ಸ್ಟಿರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ಮೂರು ದಿನಕ್ಕೆ ಕೆರೆತ ನಿಂತಿತು ಎಂದು ಹಚ್ಚುವುದನ್ನು ಬಿಡುತ್ತಾರೆ, ಅಷ್ಟರಲ್ಲಿ ಶಿಲೀಂಧ್ರ ತಡೆಯಿಲ್ಲದೆ ಹರಡಿರುತ್ತದೆ. ಎಷ್ಟೋ ಜನರಲ್ಲಿ ಉಂಗುರದೊಳಗೆ ಇನ್ನೊಂದು ಉಂಗುರ ಕಾಣುತ್ತದೆ, ಅದು ಸ್ಟಿರಾಯ್ಡ್ ಹಚ್ಚಿದ್ದರ ಗುರುತು. ತೊಡೆಸಂದಿಯ ಚರ್ಮ ತೆಳು, ಮಡಿಕೆಯೊಳಗೆ ಮುಚ್ಚಿರುವ ಜಾಗ, ಅಲ್ಲಿ ಸ್ಟಿರಾಯ್ಡ್ ಹೆಚ್ಚು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಬಸುರಿಯ ಹೊಟ್ಟೆಯ ಮೇಲಿನಂಥ ಅಗಲವಾದ ಗೀರುಗಳು ಬೀಳುತ್ತವೆ. ಹುಳುಕಡ್ಡಿ ವಾಸಿಯಾದರೂ ಆ ಗೀರು ಹೋಗುವುದಿಲ್ಲ.

ಮೂರು ತಿಂಗಳಾಗಿದೆ, ಸ್ಟಿರಾಯ್ಡ್ ಬಿದ್ದಿದೆ, ಮನೆಯವರಿಗೂ ಹರಡಿದೆ. ಹಾಗಾಗಿ ಇದು ಬರೀ ಕ್ರೀಮ್‌ಗೆ ಬಗ್ಗುವ ಹಂತ ದಾಟಿರುವ ಸಾಧ್ಯತೆ ಜಾಸ್ತಿ. ಚರ್ಮದ ವೈದ್ಯರನ್ನು ನೋಡಿ, ನುಂಗುವ ಮಾತ್ರೆ ಬೇಕಾಗಬಹುದು. ನಮ್ಮ ದೇಶದಲ್ಲಿ ಈಗ ಹೆಚ್ಚಾಗಿ ಕಾಣುವ ಟ್ರೈಕೊಫೈಟಾನ್ ಇಂಡೋಟಿನಿಯೆ (2020ರಲ್ಲಿ ಈ ಹೆಸರು ಬಂತು) ಎಂಬ ಶಿಲೀಂಧ್ರದ ಬಗೆಯಲ್ಲಿ ಹಲವಕ್ಕೆ, ನಿಮ್ಮ ಟ್ಯೂಬ್‌ನಲ್ಲೂ ಇರುವ ಶಿಲೀಂಧ್ರದ ಮದ್ದು ಟರ್ಬಿನಫಿನ್ ನಾಟುವುದೇ ಇಲ್ಲ. ಪಕ್ಕದ ಮನೆಯವರಿಗೆ ಎರಡು ವಾರದಲ್ಲಿ ಗುಣವಾದ ಮಾತ್ರೆ ನಿಮಗೆ ಗುಣ ಕೊಡಬೇಕೆಂದಿಲ್ಲ. ಇಬ್ಬರಿಗೂ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ, ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ ಇದು ಬಿಡುವುದಿಲ್ಲ.

ಔಷಧಿ_ಕೌಂಟರ್_ಹಾಸನ

ಮೇಲಿನವರು ಹೇಳಿದ್ದಕ್ಕೆ ಟ್ಯೂಬ್ ಕೊಳ್ಳುವಾಗಿನ ಎರಡು ಮಾತು ಸೇರಿಸುತ್ತೇನೆ.

ಡಬ್ಬದ ಮುಂಭಾಗದ ಹೆಸರು ನೋಡಬೇಡಿ, ಹಿಂದೆ ಸಣ್ಣಕ್ಷರದಲ್ಲಿರುವ ಸಂಯೋಜನೆ ಓದಿ. ಕ್ಲೊಬೆಟಸಾಲ್, ಬೆಕ್ಲೊಮೆಥಾಸೋನ್, ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲುಟಿಕಾಸೋನ್: ಇದರಲ್ಲಿ ಯಾವುದಿದ್ದರೂ ಅದು ಸ್ಟಿರಾಯ್ಡ್, ಹುಳುಕಡ್ಡಿಗೆ ಬೇಡ. ಹೆಸರಿನ ಕೊನೆಯಲ್ಲಿ 'ಸೋನ್' ಬಂದರೆ ಅನುಮಾನಪಡಿ, ಈ ಪಟ್ಟಿಯಲ್ಲಿ ಕ್ಲೊಬೆಟಸಾಲ್ ಮಾತ್ರ ಈ ಗುರುತಿಗೆ ಸಿಗುವುದಿಲ್ಲ, ಅದನ್ನು ಬೇರೆಯಾಗಿ ನೆನಪಿಡಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಕ್ರೀಮ್‌ಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು, ಚೀಟಿ ಇಲ್ಲದೆ ಕೊಡಬಾರದು. ಆದರೂ 'ತುರಿಕೆಗೆ ಒಂದು ಟ್ಯೂಬ್ ಕೊಡಿ' ಎಂದವರಿಗೆ ಇದೇ ಸಿಗುತ್ತಿದೆ. ನೀವು ಕೇಳುವಾಗಲೇ 'ಸ್ಟಿರಾಯ್ಡ್ ಇಲ್ಲದ್ದು, ಬರೀ ಕ್ಲೊಟ್ರಿಮಜೋಲ್ 1%' ಅಥವಾ 'ಬರೀ ಲುಲಿಕೊನಜೋಲ್ 1%' (ಎರಡೂ ಶಿಲೀಂಧ್ರದ ಮದ್ದು) ಎಂದು ಬಾಯಿ ಬಿಟ್ಟು ಹೇಳಿ.

ಇನ್ನು ಪ್ರಮಾಣ. ಟ್ಯೂಬ್‌ನಿಂದ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ನಿಮ್ಮ ತಮ್ಮನಿಗೆ ಎರಡೂ ಕಡೆ ಒಂದೊಂದು ಅಂಗೈ, ಅಂಚಿನಾಚೆಗೂ ಹಚ್ಚಬೇಕಾದ್ದರಿಂದ ಒಟ್ಟು ಮೂರು ಅಂಗೈ ಎಂದಿಟ್ಟುಕೊಳ್ಳಿ. ಒಂದು ಸಲಕ್ಕೆ ಮುಕ್ಕಾಲು ಗ್ರಾಂ, ದಿನಕ್ಕೆ ಎರಡು ಸಲವಾದರೆ ಒಂದೂವರೆ ಗ್ರಾಂ. 15 ಗ್ರಾಂ ಟ್ಯೂಬ್ ಹತ್ತು ದಿನಕ್ಕೆ ಖಾಲಿಯಾಗಬೇಕು, ತಿಂಗಳಿಗೆ ಮೂರು ಟ್ಯೂಬ್. ಒಂದೇ ಟ್ಯೂಬ್ ಎರಡು ತಿಂಗಳು ಬಂತು ಎನ್ನುವವರು ಮದ್ದು ಹಚ್ಚಿಲ್ಲ, ಬರೀ ಒರೆಸಿದ್ದಾರೆ. ಹಣದ ಮುಗ್ಗಟ್ಟಿದ್ದರೆ ದುಬಾರಿ ಟ್ಯೂಬ್ ಒಂದನ್ನು ಜಿಪುಣತನದಿಂದ ಹಚ್ಚುವ ಬದಲು ಜನೌಷಧಿ ಅಂಗಡಿಯ ಕ್ಲೊಟ್ರಿಮಜೋಲ್ ಧಾರಾಳವಾಗಿ ಹಚ್ಚುವುದು ಒಳ್ಳೆಯದು.

ಹಚ್ಚುವ ರೀತಿಗೆ ಚರ್ಮವೈದ್ಯರು ಹೇಳುವ ಎರಡರ ಲೆಕ್ಕ ಇದೆ: ಉಂಗುರದ ಅಂಚಿನಿಂದ 2 ಸೆಂ.ಮೀ. ಆಚೆಗೂ ಹಚ್ಚಬೇಕು, ದಿನಕ್ಕೆ 2 ಸಲ, ಕಣ್ಣಿಗೆ ಪೂರ್ತಿ ಮಾಯವಾದ ಮೇಲೂ 2 ವಾರ. (ಲುಲಿಕೊನಜೋಲ್ ಆದರೆ ದಿನಕ್ಕೊಮ್ಮೆ ಸಾಕು.) ಹೊರಗಿನಿಂದ ಒಳಕ್ಕೆ ಹಚ್ಚುತ್ತಾ ಬನ್ನಿ, ಶಿಲೀಂಧ್ರ ಹೆಚ್ಚು ಚುರುಕಾಗಿರುವುದು ಅಂಚಿನಲ್ಲಿ. ವಾಸಿಯಾದ ಮೇಲೆ ಉಳಿಯುವ ಕಪ್ಪು ಬರೀ ಕಲೆ. ತಿಂಗಳುಗಟ್ಟಲೆ ಉಳಿಯುತ್ತದೆ, ಅದಕ್ಕೆ ಮದ್ದು ಬಳಿಯುವ ಅಗತ್ಯವಿಲ್ಲ. ಒದ್ದೆ ಚರ್ಮದ ಮೇಲೆ ಹಚ್ಚಬೇಡಿ.

ತುರಿಕೆ ತಡೆಯದಿದ್ದರೆ ರಾತ್ರಿ ಸೆಟ್ರಿಜಿನ್ 10 ಮಿ.ಗ್ರಾಂ ಒಂದು ತೆಗೆದುಕೊಳ್ಳಬಹುದು. ಮಂಪರು ಬರುತ್ತದೆ, ಬೆಳಿಗ್ಗೆ ಗಾಡಿ ಓಡಿಸುವವರು ಗಮನಿಸಿ. ಕಿಡ್ನಿ ತೊಂದರೆ ಇದ್ದವರು, ಬಸುರಿಯರು ಕೇಳಿಯೇ ತೆಗೆದುಕೊಳ್ಳಿ. ಸ್ನಾನದ ಬಕೆಟ್‌ಗೆ ಆಂಟಿಸೆಪ್ಟಿಕ್ ದ್ರಾವಣ ಸುರಿಯುವುದನ್ನು ನಿಲ್ಲಿಸಿ. ಶಿಲೀಂಧ್ರ ಸಾಯುವುದಿಲ್ಲ, ತೊಡೆಸಂದಿ ಮಾತ್ರ ಸುಟ್ಟು ಕೆಂಪಾಗುತ್ತದೆ.

ಮಲೆನಾಡು_ನರ್ಸ್

ಬಟ್ಟೆಯ ವಿಷಯ ಕೇಳಿದ್ದಿರಿ. ಇದನ್ನು ಬಿಟ್ಟು ಎಷ್ಟು ಟ್ಯೂಬ್ ಹಚ್ಚಿದರೂ ಅಷ್ಟೇ.

ಎಲ್ಲಕ್ಕಿಂತ ಮೊದಲು ಉಡುದಾರ ತೆಗೆಯಲು ಹೇಳಿ. ಸ್ನಾನ ಮಾಡಿದಾಗ ನೆನೆದ ದಾರ ಮಳೆಗಾಲದಲ್ಲಿ ಇಡೀ ದಿನ ಒಣಗುವುದಿಲ್ಲ, ಅದರ ಕೆಳಗೆ ಸೊಂಟದ ಸುತ್ತ ಒಂದು ಗೆರೆಯಾಗಿ ಹುಳುಕಡ್ಡಿ ಹಬ್ಬುತ್ತದೆ. ಕೈಗೆ ಕಟ್ಟಿದ ದೇವಸ್ಥಾನದ ದಾರಕ್ಕೂ ಇದೇ ಮಾತು. ಹಿರಿಯರು ಒಪ್ಪದಿದ್ದರೆ ವಾಸಿಯಾದ ಮೇಲೆ ಹೊಸ ದಾರ ಕಟ್ಟಬಹುದು ಎಂದು ಹೇಳಿ. ಬೆಳ್ಳಿಯ ಉಡುದಾರವಾದರೆ ತೆಗೆದು ಸಾಬೂನು ನೀರಲ್ಲಿ ತೊಳೆದು ಒಣಗಿಸಿಡಿ. ನಿಮ್ಮ ಅಮ್ಮ ಲಾಡಿಯನ್ನು ದಿನಾ ಒಂದೇ ಗೆರೆಯಲ್ಲಿ ಬಿಗಿಯಾಗಿ ಕಟ್ಟುವ ಬದಲು ಅಗಲ ಪಟ್ಟಿಯ ಲಂಗ ಹಾಕಲಿ. ಮನೆಯಲ್ಲಿರುವಾಗ ನೈಟಿಯೇ ಒಳ್ಳೆಯದು.

ಇಬ್ಬರ ಒಳಬಟ್ಟೆ, ಟವೆಲ್, ಬೆಡ್‌ಶೀಟ್ ಬೇರೆ ಒಗೆಯಿರಿ. ಹಂಡೆಯಲ್ಲಿ ಕುದಿಸಿದ ನೀರಿಗೆ ಹಾಕಿ ಅರ್ಧ ಗಂಟೆ ನೆನೆಸಿ. ವಾಷಿಂಗ್ ಮೆಷಿನ್ ಇದ್ದರೆ 60 ಡಿಗ್ರಿಗೆ ಇಡಿ, ತಣ್ಣೀರಿನ ಒಗೆತದಲ್ಲಿ ಶಿಲೀಂಧ್ರ ಉಳಿದು ಪಕ್ಕದ ಬಟ್ಟೆಗೂ ಹೋಗುತ್ತದೆ. ಬಿಸಿಲು ಬಂದ ದಿನ ಒಳಮೈ ಹೊರಗೆ ಮಾಡಿ ಹರವಿ. ಬಿಸಿಲೇ ಇಲ್ಲದ ಆಷಾಢದಲ್ಲಿ, ಒಲೆಯ ಅಟ್ಟದ ಮೇಲೆ ಒಣಗಿಸಿದರೂ ಸರಿ, ಹಾಕುವ ಮೊದಲು ಒಳಮೈ ಕಡೆಯಿಂದ ಇಸ್ತ್ರಿ ಮಾಡಿ. ಹೊಲಿಗೆ, ಎಲಾಸ್ಟಿಕ್ ಇರುವಲ್ಲಿ ಇಸ್ತ್ರಿಪೆಟ್ಟಿಗೆಯನ್ನು ತುಸು ಹೊತ್ತು ಒತ್ತಿ ಹಿಡಿಯಿರಿ, ತೇವ ಉಳಿಯುವುದು ಅಲ್ಲೇ. ಅರೆ ಒಣಗಿದ ಚಡ್ಡಿ ಮೈಯಲ್ಲೇ ಒಣಗುತ್ತದೆ ಬಿಡು ಎಂದು ಹಾಕಿಕೊಳ್ಳಲೇಬಾರದು.

ತಮ್ಮನ ಕಾಲ್ಬೆರಳ ಸಂದಿಯನ್ನೂ ನೋಡಿ. ತೋಟದಲ್ಲಿ ಗಂಬೂಟು ಹಾಕಿ ಕೆಲಸ ಮಾಡುವವರಿಗೆ ಅಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ. ಕಾಲಿನ ಶಿಲೀಂಧ್ರ ಚಡ್ಡಿ ಹಾಕುವಾಗ ತೊಡೆಸಂದಿಗೆ ಏರುತ್ತದೆ. ಎರಡಕ್ಕೂ ಒಟ್ಟಿಗೇ ಮದ್ದು ಮಾಡಿ. ಅಲ್ಲಿಯವರೆಗೆ ಮೊದಲು ಸಾಕ್ಸ್, ಆಮೇಲೆ ಚಡ್ಡಿ. ಬಿಗಿ ಜೀನ್ಸ್ ಪಕ್ಕಕ್ಕಿಡಿ, ಲುಂಗಿ ಉಟ್ಟರೆ ಗಾಳಿ ಆಡುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ ತಲೆ ನೋಡಿ. ಮಗುವಿನ ತಲೆಯಲ್ಲಿ ಹೊಟ್ಟಿನ ಜೊತೆ ಕೂದಲು ತುಂಡಾಗಿ ಬಿಲ್ಲೆಯಷ್ಟು ಬೋಳಾಗಿದ್ದರೆ, ಕಪ್ಪು ಚುಕ್ಕೆ ಕಂಡರೆ, ಕುತ್ತಿಗೆಯ ಹಿಂದೆ ಗಂಟು ಸಿಕ್ಕರೆ ಅದು ತಲೆಯ ಹುಳುಕಡ್ಡಿ. ಶಿಲೀಂಧ್ರ ಕೂದಲಿನ ಬುಡದೊಳಗೆ ಹೊಕ್ಕಿರುವುದರಿಂದ ಶಾಂಪೂ, ಕ್ರೀಮ್ ಮಾತ್ರ ಸಾಲದು, ವಾರಗಟ್ಟಲೆ ನುಂಗುವ ಮದ್ದು ಬೇಕು. ಹೇನಾದರೆ ಕಿವಿಯ ಹಿಂದೆ, ಹೆಡತಲೆಯಲ್ಲಿ ಕೆರೆತ ಜಾಸ್ತಿ. ಬಿಳಿ ಕಣವನ್ನು ಬೆರಳಿಂದ ಎಳೆದು ನೋಡಿ: ಹೊಟ್ಟು ಜಾರಿ ಬರುತ್ತದೆ, ಸೀರು ಕೂದಲಿಗೆ ಕಚ್ಚಿಕೊಂಡಿರುತ್ತದೆ.

ಇನ್ನೊಂದು ಮಾತು. ರಾತ್ರಿ ಮಲಗಿದ ಮೇಲೆ ಕೆರೆತ ಜಾಸ್ತಿ, ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ, ಮನೆಮಂದಿಗೆಲ್ಲ ತುರಿಕೆ ಎಂದರೆ ಅದು ಹುಳುಕಡ್ಡಿಯಲ್ಲ, ಕಜ್ಜಿ. ಅದಕ್ಕೆ ಪರ್ಮೆಥ್ರಿನ್ 5% ಕ್ರೀಮ್. ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಕೆಳಗೂ ಬಿಡದೆ, ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿ 8ರಿಂದ 12 ಗಂಟೆ ಬಿಟ್ಟು ಸ್ನಾನ. ವಾರದ ನಂತರ ಇನ್ನೊಮ್ಮೆ. ಒಬ್ಬರು ತಪ್ಪಿಸಿಕೊಂಡರೂ ಎಲ್ಲರಿಗೂ ಮತ್ತೆ ಬರುತ್ತದೆ. ಕಜ್ಜಿ ತರುವ ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಅದನ್ನು ನೋಡಿ ದಿನಾ ಹಚ್ಚಬೇಡಿ.

ಪುತ್ತೂರು_ತೋಟ

ಎಲ್ಲರಿಗೂ ತುಂಬ ಧನ್ಯವಾದ. ಉಡುದಾರ ಇದೆ, ಕಾಲ್ಬೆರಳ ಸಂದಿಯಲ್ಲೂ ಬಿಳಿ ಇದೆ. ಮುಂದಿನ ವಾರ ವೈದ್ಯರ ಹತ್ತಿರ ಹೋಗುತ್ತೇವೆ. ಅಲ್ಲಿಯವರೆಗೆ ಬೇರೆ ಕ್ರೀಮ್ ಶುರು ಮಾಡಬಹುದೇ? ಕೆರೆದು ಪರೀಕ್ಷೆ ಮಾಡುತ್ತಾರೆ ಎನ್ನುತ್ತಾರೆ, ಅದಕ್ಕೇನಾದರೂ ಸಿದ್ಧತೆ ಬೇಕೇ? ಅಮ್ಮನಿಗೆ ಬಿಪಿ, ಕೊಲೆಸ್ಟ್ರಾಲ್, ಗ್ಯಾಸ್ಟ್ರಿಕ್ ಮಾತ್ರೆ ನಡೆಯುತ್ತಿದೆ.

ಚರ್ಮ_ಓಪಿಡಿ

ವಾರದೊಳಗೆ ಹೋಗುತ್ತೀರಾದರೆ ತೊಡೆಸಂದಿಗೆ, ಸೊಂಟಕ್ಕೆ ಏನೂ ಹಚ್ಚಬೇಡಿ. ಕೆಒಎಚ್ ಪರೀಕ್ಷೆ ಎಂದರೆ ಉಂಗುರದ ಅಂಚನ್ನು ಬ್ಲೇಡಿನ ಮೊಂಡು ಕಡೆಯಿಂದ ಕೆರೆದು, ಉದುರಿದ ಪೊರೆಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆ ಹುಡುಕುವುದು. ನೋವಿಲ್ಲ, ರಕ್ತವಿಲ್ಲ, ಅಂದೇ ಫಲಿತಾಂಶ ಸಿಗುತ್ತದೆ. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗದಲ್ಲಿ ಮಾಡುತ್ತಾರೆ. ಶಿಲೀಂಧ್ರದ ಮದ್ದು ಹಚ್ಚಿ ಹೋದರೆ ರೋಗ ಇದ್ದೂ ಎಳೆ ಸಿಗದೆ ಹೋಗಬಹುದು. ಅಂದು ಬೆಳಿಗ್ಗೆ ಪೌಡರ್, ಎಣ್ಣೆ ಕೂಡ ಬೇಡ. ಸ್ಟಿರಾಯ್ಡ್ ನಿಲ್ಲಿಸಿದ್ದರಿಂದ ಈ ವಾರ ಉಂಗುರ ಕೆಂಪಾಗಿ ಉರಿಯಬಹುದು. ಬಟ್ಟೆ ತಣ್ಣೀರಲ್ಲಿ ಅದ್ದಿ ಹಿಂಡಿ ಹತ್ತು ನಿಮಿಷ ಇಡಿ, ಆಮೇಲೆ ಒರೆಸಿ ಪೂರ್ತಿ ಒಣಗಿಸಿ. ತಲೆಯ ಶಾಂಪೂ ಮಾತ್ರ ಇವತ್ತೇ ಶುರು ಮಾಡಬಹುದು. ಹಳೆಯ ಟ್ಯೂಬ್ ಎಸೆಯಬೇಡಿ, ವೈದ್ಯರಿಗೆ ತೋರಿಸಿ.

ಅಮ್ಮನ ಮಾತ್ರೆಗಳ ಪಟ್ಟಿ ತಪ್ಪದೆ ಒಯ್ಯಿರಿ. ಹುಳುಕಡ್ಡಿಗೆ ಹೆಚ್ಚಾಗಿ ಕೊಡುವ ಇಟ್ರಕೊನಜೋಲ್ ಹಲವು ಮಾತ್ರೆಗಳ ಜೊತೆ ಕೂಡುವುದಿಲ್ಲ. ಕೊಲೆಸ್ಟ್ರಾಲ್‌ಗೆ ಸಿಮ್ವಸ್ಟಾಟಿನ್ ಇದ್ದರೆ ಒಟ್ಟಿಗೆ ಕೊಡುವಂತೆಯೇ ಇಲ್ಲ, ಅಟೊರ್ವಸ್ಟಾಟಿನ್ ಇದ್ದರೂ ಯೋಚಿಸಬೇಕಾಗುತ್ತದೆ. ಬಿಪಿಯ ಆಮ್ಲೊಡಿಪಿನ್ ಜೊತೆ ಕಾಲು ಊತ ಬರಬಹುದು. ಹೃದಯ ದುರ್ಬಲ ಎಂದು ಹಿಂದೆ ಯಾರಾದರೂ ಹೇಳಿದ್ದರೆ ಅದನ್ನು ಮೊದಲೇ ತಿಳಿಸಿ, ಅಂಥವರಿಗೆ ಇಟ್ರಕೊನಜೋಲ್ ಬೇಡ. ಆ ಕ್ಯಾಪ್ಸೂಲ್ ಹೀರಿಕೊಳ್ಳಲು ಹೊಟ್ಟೆಯಲ್ಲಿ ಆಮ್ಲ ಬೇಕು, ಹಾಗಾಗಿ ಊಟವಾದ ಕೂಡಲೇ ನುಂಗಬೇಕು. ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ಟ್ರಿಕ್ ಮಾತ್ರೆ ಜೊತೆಗಿದ್ದರೆ ಅದು ಅರ್ಧಂಬರ್ಧ ಹೀರಿಕೊಳ್ಳುತ್ತದೆ. ಎಷ್ಟೋ ಸಲ ಮಾತ್ರೆ ನಾಟಲಿಲ್ಲ ಎನ್ನುವುದರ ಕಾರಣ ಇದೇ. ಆದರೆ ಅಮ್ಮನ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಮಾತ್ರೆ ಎಷ್ಟು ವಾರ, ಲಿವರ್ ಪರೀಕ್ಷೆ ಯಾವಾಗ ಎಂಬುದನ್ನು ಬರೆಸಿಕೊಳ್ಳಿ. ಯಾರಾದರೂ ನುಂಗುವ ಕೀಟೊಕೊನಜೋಲ್ ಮಾತ್ರೆ ಕೊಟ್ಟರೆ ಬೇಡ ಎನ್ನಿ, ಲಿವರ್‌ಗೆ ಅಪಾಯವೆಂದು ಚರ್ಮಕ್ಕೆ ಅದನ್ನು ಈಗ ಬಳಸುವುದಿಲ್ಲ. ಶಾಂಪೂ, ಕ್ರೀಮ್‌ಗೆ ಆ ಅಪಾಯವಿಲ್ಲ.

ಯಾವುದೇ ಹೊಸ ಮಾತ್ರೆ ಶುರು ಮಾಡಿದ ಮೇಲೆ ಮೈಯೆಲ್ಲ ದದ್ದು ಎದ್ದು ಜ್ವರ, ಬಾಯಿ ಹುಣ್ಣು, ಕಣ್ಣು ಕೆಂಪು, ಚರ್ಮ ಸುಲಿಯುವುದು ಕಂಡರೆ ಅದು ಹುಳುಕಡ್ಡಿಯ ಮಾತಲ್ಲ. ಮಾತ್ರೆ ನಿಲ್ಲಿಸಿ ಅದೇ ದಿನ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ನುಂಗಿದ ಮಾತ್ರೆಯ ಹಾಳೆಯೂ ಕೈಯಲ್ಲಿರಲಿ.